ನಮ್ಮ ತೋಟದ ಒಕ್ಕಲು



ತಿಪಟೂರು ಸೀಮೆಯ ಒಂದು ಹಳ್ಳಿಯಲ್ಲಿ, ಕೆರೆಯ ಏರಿಯಿಂದ ಕೂಗಳತೆಯ ದೂರದಲ್ಲಿ, ನನ್ನ ತಂದೆಯವರು ತಮ್ಮ ಕೈಯಾರೆ ಸಸಿ ನೆಟ್ಟು, ಕೊಡದಲ್ಲಿ ನೀರು ಹೊತ್ತು ಬೆಳೆಸಿದ 8 ಎಕರೆಯ ತೆಂಗಿನ ತೋಟವೊಂದಿದೆ. 34 ವರ್ಷಗಳ ಕಾಲ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದ ಮೇಲೆ ನಾನೂ ನನ್ನ ಪತ್ನಿಯೂ ಆ ತೋಟದ ಮನೆಗೆ ಬಂದು ನೆಲಸಿದೆವು. ಬಂದಾಗ ನಮ್ಮೊಡನೆ ಇದ್ದುದು ಒಂದು ಜೊತೆ ಎತ್ತು, ನಾಲ್ಕಾರು ನಾಟಿಕೋಳಿ, ಇಷ್ಟೆ. ಅನಂತರದ ವರ್ಷಗಳಲ್ಲಿ, ಯಾವ ಯೋಜನೆಯೂ ಇಲ್ಲದೆ, ಕೆಲವು ಕ್ರಯಕ್ಕೆ, ಕೆಲವು ಕೊಡುಗೆಯಾಗಿ, ಮತ್ತೆ ಕೆಲವು ಹೋಗಲು ಬೇರೆ ದಿಕ್ಕಿಲ್ಲದೆ, ಒಂದರ ಹಿಂದೊಂದು ಬಂದು ಸೇರಿದ ಪ್ರಾಣಿಪಕ್ಷಿಗಳಿಂದ ನಮ್ಮ ತೋಟ ಈಗ ಒಂದು ಸಣ್ಣ ಊರೇ ಆಗಿದೆ: ಮಲೆನಾಡಿನ ಗಿಡ್ಡ ಹಸುವಿನ ಪಕ್ಕದ ಗೂಟದಲ್ಲಿ, ಇಂಗ್ಲಿಷ್ ಕಡಲ್ಗಾಲುವೆಯ ಪುಟ್ಟ ದ್ವೀಪವೊಂದರ ಹೆಸರನ್ನು ಹೊತ್ತ ಜರ್ಸಿ ಮಿಶ್ರತಳಿಯ ಹಸು, ಬನ್ನೂರು ಕುರಿಗಳ ದೊಡ್ಡಿಯ ಬಾಗಿಲಲ್ಲಿ ಒಂದು ಕತ್ತೆ, ಹಲಸಿನ ಮರದ ಕೊಂಬೆಯ ಮೇಲೆ ಆಫ್ರಿಕದ ಗಿನಿಕೋಳಿ, ಅಂಗಳದಲ್ಲಿ ಮೆಕ್ಸಿಕೋ ಮೂಲದ ಟರ್ಕಿ ಕೋಳಿ, ಪಡುವಣ ಮೂಲೆಯ ತಂತಿಬೇಲಿಯೊಳಗೆ ಆಸ್ಟ್ರೇಲಿಯದ ಎರಡು ಎಮು ಪಕ್ಷಿಗಳು. ಈ ಒಕ್ಕಲಿನ ಗುಣಸ್ವಭಾವಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ಬಾನುಲಿಯವರು ಕೇಳಿದಾಗ ನಾನು ಸಂತೋಷದಿಂದ ಒಪ್ಪಿಕೊಂಡೆನು. ಏಕೆಂದರೆ ನನ್ನ ಮೇಲೆ ಅವುಗಳ ಋಣವೊಂದಿದೆ.

ಆ ಋಣ ಇಂಥದು. ತರಗತಿಯಲ್ಲಿ ಕೋಪ ಬಂದಾಗ ನಾನು ಹುಡುಗರ ಮೇಲೆ ಪ್ರಯೋಗಿಸುತ್ತಿದ್ದ ಮಾತುಗಳೆಲ್ಲ ಕೊಟ್ಟಿಗೆಯಿಂದ ಎರವಲು ತಂದವುಗಳಾಗಿದ್ದುವು. ಹಟ ಹಿಡಿದವನು ಕತ್ತೆ. ಪಕ್ಕದವನ ಲೆಕ್ಕವನ್ನು ನೋಡಿ ಬರೆದವನು ಕುರಿ. ಹೇಳದೆ ಕೇಳದೆ ಹೊರಗೆ ಜಾರಿಕೊಂಡವನು ತುಡುಗು ದನ. ಈಗ ಆ ಪ್ರಾಣಿಗಳೊಡನೆಯೇ ಹಗಲಿರುಳು ಬಾಳುತ್ತಿರುವಾಗ, ಆ ಮಾತುಗಳಲ್ಲಿ ಒಂದಾದರೂ ಅವುಗಳಿಗೆ ಸಲ್ಲತಕ್ಕದ್ದಲ್ಲವೆಂದೂ, ಪ್ರಾಣಿಯ ದೋಷವೆಂದು ನಾವು ಎಣಿಸುವುದು ಬಹುಮಟ್ಟಿಗೆ ಅದರ ಪೂರ್ವಿಕರು ಬಾಳಿದ ನೆಲ ಅದಕ್ಕೆ ಕಲಿಸಿಕೊಟ್ಟ ವಿವೇಕವೆಂದೂ ನನಗೆ ಮನವರಿಕೆಯಾಗಿದೆ. ಅಷ್ಟೇ ಅಲ್ಲದೆ, ಒಂದೇ ನೆಲದ, ಒಂದೇ ತಳಿಯ, ಒಂದೇ ತಾಯಿಯ ಎರಡು ಮರಿಗಳಲ್ಲಿ ಎರಡು ಬಗೆಯ ಮನಸ್ಸುಗಳಿರುವುದನ್ನೂ ಕಣ್ಣಾರೆ ಕಂಡಿದ್ದೇನೆ.

ಕತ್ತೆಯ ಮಾತನ್ನು ಮೊದಲು ಹೇಳುತ್ತೇನೆ. ನಮ್ಮೂರಿನ ಅಗಸರ ಮನೆಯೊಂದರಲ್ಲಿ ಬಟ್ಟೆಯ ಗಂಟು ಹೊರುತ್ತಿದ್ದ ಅದು, ಆ ಮನೆಯ ಮಕ್ಕಳು ಕಸುಬು ಬಿಟ್ಟು ಪಟ್ಟಣ ಸೇರಿದ ಮೇಲೆ ಯಾರಿಗೂ ಬೇಡವಾಯಿತು. ನನಗಿಂತ ಹತ್ತು ವರ್ಷ ಹಿರಿಯರಾದ ಆ ಮನೆಯ ಯಜಮಾನರು ಒಂದು ಸಂಜೆ ಅದರ ಹಗ್ಗ ಹಿಡಿದುಕೊಂಡು ಬಂದು, "ಮೇಷ್ಟ್ರೇ, ಇದನ್ನ ಮಾರಿದ್ರೆ ಯಾರ ಕೈಗೆ ಹೋಗ್ತದೋ ಏನೋ. ನಿಮ್ಮ ತೋಟದಾಗೆ ಒಂದು ಮೂಲೇಲಿ ಇದ್ಕೊಳ್ಳಲಿ" ಎಂದರು. ತೋಟಕ್ಕೆ ಬರುವ ದಾರಿಯಲ್ಲಿ ಕಾಲುವೆಯ ಮೇಲೆ ಹಾಸಿದ ಕಲ್ಲುಚಪ್ಪಡಿಯೊಂದಿದೆ. ಅದರ ಮುಂದೆ ಬಂದು ನಿಂತ ಕತ್ತೆ ಒಂದು ಹೆಜ್ಜೆಯನ್ನೂ ಮುಂದಿಡಲಿಲ್ಲ. ನಾನು ಹಗ್ಗ ಜಗ್ಗಿದೆ. ಹಿಂದಿನಿಂದ ನೂಕುವುದಕ್ಕೆ ತೋಟದ ಆಳನ್ನು ಕರೆದೆ. ಬೆತ್ತಕ್ಕಾಗಿ ಬೇಲಿಯ ಕಡೆ ಕೈಚಾಚಿದೆ. "ಬಿಡಿ ಮೇಷ್ಟ್ರೇ, ಅದು ಯೋಚ್ನೆ ಮಾಡ್ತಾ ಐತೆ" ಎಂದು ಹೇಳಿ ಹಿರಿಯರು ಕಾಲುವೆಯ ದಂಡೆಯ ಮೇಲೆ ಕುಳಿತುಬಿಟ್ಟರು. ಕತ್ತೆ ಆ ಕಲ್ಲನ್ನು ಮೂಸಿತು. ಕೆಳಗೆ ಹರಿಯುವ ನೀರಿನ ಸದ್ದಿನತ್ತ ಒಂದು ಕಿವಿಯನ್ನು ತಿರುಗಿಸಿತು. ಮುಂಗಾಲಿನ ಗೊರಸಿನಿಂದ ಅಂಚನ್ನು ತಟ್ಟಿ ನೋಡಿತು. ಕಾಲು ಗಂಟೆ ಕಳೆದ ಮೇಲೆ, ಯಾರೂ ಕರೆಯದೆ, ತಾನಾಗಿಯೇ ದಾಟಿಬಂದಿತು. ಆ ದಿನದಿಂದ ಇಂದಿನವರೆಗೆ, ಮಳೆಯಲ್ಲಾಗಲಿ ಕತ್ತಲೆಯಲ್ಲಾಗಲಿ, ಅದು ಆ ಚಪ್ಪಡಿಯ ಮುಂದೆ ಇನ್ನೊಮ್ಮೆ ನಿಂತುದಿಲ್ಲ.

ಸುಮಾರು 7000 ವರ್ಷಗಳ ಹಿಂದೆ ಮನುಷ್ಯನ ಕೈಸೇರಿದ ಕತ್ತೆಯ ತವರು ಆಫ್ರಿಕದ ಈಶಾನ್ಯ ಭಾಗದ ಶುಷ್ಕಭೂಮಿ. ವಿಶಾಲವಾದ ಹುಲ್ಲುಗಾವಲಿನಲ್ಲಿ ಹಿಂಡುಕಟ್ಟಿ ಬಾಳಿದ ಕುದುರೆಗೆ ಭಯ ಬಂದಾಗ ಓಡುವುದೇ ರಕ್ಷಣೆ. ಆದರೆ ಮೇವು ವಿರಳವಾಗಿ, ಕಲ್ಲುಬಂಡೆಗಳು ದಟ್ಟವಾಗಿರುವ ನೆಲದಲ್ಲಿ ಒಂಟಿಯಾಗಿಯೋ ಜೋಡಿಯಾಗಿಯೋ ಅಲೆಯುವ ಪ್ರಾಣಿ ಕುರುಡಾಗಿ ಓಡಿದರೆ ಕಾಲು ಮುರಿದುಕೊಂಡು ಸಾಯುವುದೇ ಸರಿ. ಆದಕಾರಣ ಅದು ನಿಲ್ಲುತ್ತದೆ, ನೋಡುತ್ತದೆ, ತೂಗುತ್ತದೆ. ಈ ನಿಲ್ಲುವಿಕೆಗೇ ನಾವು ಮೊಂಡುತನವೆಂಬ ಹೆಸರಿಟ್ಟಿದ್ದೇವೆ. ನಮ್ಮ ಕತ್ತೆಗೆ ನಾಯಿಗಳನ್ನು ಕಂಡರೆ ಮಾತ್ರ ಯೋಚನೆಯ ಅಗತ್ಯವೇ ಇಲ್ಲ. ಬೀದಿನಾಯಿಗಳ ಹಿಂಡೊಂದು ಒಂದು ರಾತ್ರಿ ಕುರಿದೊಡ್ಡಿಗೆ ನುಗ್ಗಿದಾಗ ಅದು ಅರಚುತ್ತ, ಹಿಂಗಾಲಿನಿಂದ ಝಾಡಿಸುತ್ತ ಅವುಗಳನ್ನು ಕೆರೆಯ ಏರಿಯವರೆಗೆ ಅಟ್ಟಿಕೊಂಡು ಹೋಯಿತು. ಅಂದಿನಿಂದ ದೊಡ್ಡಿಯ ಬಾಗಿಲೇ ಅದರ ಮಲಗುವ ಸ್ಥಳ. ಅದನ್ನು ನಾವು ಗೊತ್ತುಮಾಡಿದುದಲ್ಲ.

ಕುರಿಗಳು ನಮ್ಮಲ್ಲಿ ಹನ್ನೆರಡಿವೆ. ಗಿಡ್ಡ ಕಾಲಿನ, ತುಂಬಿದ ಮೈಯ, ಹಿಂದಿನಿಂದ ನೋಡಿದರೆ ತಲೆಕೆಳಗಾದ ಲಾಳದಂತೆ ಕಾಣುವ ಬನ್ನೂರು ಕುರಿಗಳು. ಒಂದು ಹಳ್ಳಕ್ಕೆ ಬಿದ್ದರೆ ಉಳಿದವೂ ಬೀಳುತ್ತವೆಂಬ ಲೋಕೋಕ್ತಿಯನ್ನು ನಂಬಿ ಬಂದ ನನಗೆ, ಹುಲ್ಲಿನ ಕಡೆಗೆ ಹಿಂಡನ್ನು ಕರೆದೊಯ್ಯುವ ಕುರಿ ಬೇರೆ, ನೀರಿನ ಕಡೆಗೆ ಕರೆದೊಯ್ಯುವ ಕುರಿ ಬೇರೆ, ಎಲ್ಲಕ್ಕಿಂತ ಕೊನೆಯಲ್ಲಿ ನಡೆಯುತ್ತ ಆಗಾಗ ಹಿಂದಿರುಗಿ ನೋಡುವ ಕುರಿ ಬೇರೆ ಎಂಬುದು ಕಾಣುವುದಕ್ಕೆ ಒಂದು ವರ್ಷ ಹಿಡಿಯಿತು. ಮಗಳ ಬಾಣಂತನಕ್ಕಾಗಿ ಮೂರು ತಿಂಗಳು ಊರುಬಿಟ್ಟಿದ್ದ ನನ್ನ ಪತ್ನಿ ಹಿಂದಿರುಗಿದ ದಿನ, ಆಕೆ ಬಾಯಿ ತೆರೆದು ಕರೆಯುವುದಕ್ಕೆ ಮುಂಚೆಯೇ, ದೂರದಿಂದ ಮುಖ ಕಂಡ ಮಾತ್ರಕ್ಕೆ ಹನ್ನೆರಡೂ ಬೇಲಿಯ ಬಳಿಗೆ ಓಡಿಬಂದುವು. ಇಂಗ್ಲೆಂಡಿನ ಕೇಂಬ್ರಿಜ್ ಬಳಿಯ ಬಾಬ್ರಹಾಮ್ ಸಂಸ್ಥೆಯ ವಿಜ್ಞಾನಿಗಳು, ಕುರಿಯೊಂದು ಇತರ 50 ಕುರಿಗಳ ಮುಖಗಳನ್ನು ಗುರುತಿಟ್ಟುಕೊಂಡು ಎರಡು ವರ್ಷಗಳವರೆಗೂ ನೆನಪಿನಲ್ಲಿ ಉಳಿಸಿಕೊಳ್ಳಬಲ್ಲದೆಂಬುದನ್ನು 2001ರಲ್ಲಿ ಪ್ರಕಟಿಸಿದರು. ನನ್ನ ತರಗತಿಯ ಕೊನೆಯ ಬೆಂಚಿನಲ್ಲಿ ಕುಳಿತು ನನ್ನಿಂದ ಕುರಿಯೆಂದು ಕರೆಸಿಕೊಂಡ ಹುಡುಗರ ಪೈಕಿ ಎಷ್ಟು ಮಂದಿಯ ಮುಖ ನನಗೆ ನೆನಪಿದೆ ಎಂದು ಆ ವಿಷಯವನ್ನು ಓದಿದ ರಾತ್ರಿ ಎಣಿಸಿಕೊಳ್ಳಲು ಹೊರಟು, ಬಹಳ ಹೊತ್ತು ನಿದ್ರೆಯಿಲ್ಲದೆ ಕಳೆದೆನು.

ತುಡುಗು ದನವೆಂಬ ಮಾತಿಗೆ ಯಥಾರ್ಥವಾದ ಉತ್ತರವನ್ನು ಕೊಟ್ಟವಳು ಕೆಂಪಿ. ಸಾಗರದ ಕಡೆಯ ಸ್ನೇಹಿತರೊಬ್ಬರು ಕರುವಾಗಿದ್ದಾಗ ಕಳುಹಿಸಿಕೊಟ್ಟ ಈ ಮಲೆನಾಡು ಗಿಡ್ಡ ಹಸುವಿನ ಎತ್ತರ ಮೂರಡಿ. ಹಾಲು ಹೊತ್ತಿಗೆ ಒಂದು ಲೀಟರಾದರೆ ಹೆಚ್ಚು. ಆದರೆ ಆ ಪುಟ್ಟ ದೇಹದಲ್ಲಿರುವ ಉಪಾಯಗಳಿಗೆ ಮಿತಿಯಿಲ್ಲ. ಎದೆಯೆತ್ತರದ ಬೇಲಿಯನ್ನು ನಿಂತ ನೆಲದಿಂದಲೇ ಹಾರಬಲ್ಲಳು. ಕಣ್ಣಿಯ ಗಂಟು ಸಡಿಲವಾಗಿದ್ದರೆ ಬೆಳಗಾಗುವುದರೊಳಗೆ ಪಕ್ಕದ ಹೊಲದ ಅವರೆಯ ರುಚಿಯನ್ನು ಕಂಡು, ಏನೂ ನಡೆಯದವಳಂತೆ ತನ್ನ ಜಾಗದಲ್ಲಿ ಬಂದು ಮಲಗಿರುವಳು. ಕೊರಳಿಗೆ ಮರದ ಗಂಟೆ ಕಟ್ಟಿದೆವು. ಬೆಳೆಯೊಳಗೆ ಇರುವಷ್ಟು ಹೊತ್ತು ಕೊರಳನ್ನು ಅಲುಗಿಸದೆ ನಾಲಿಗೆಯನ್ನು ಮಾತ್ರ ಚಾಚಿ ಮೇಯುವುದನ್ನು ಕಲಿತಳು. ಪಕ್ಕದ ಹೊಲದ ಗೌಡರು ಬಂದು, "ಮೇಷ್ಟ್ರೇ, ನಿಮ್ಮ ಹಸ ಹಸವಲ್ಲ, ಕಳ್ಳಿ" ಎಂದರು. ನಾನು ನಷ್ಟವನ್ನು ಕಟ್ಟಿಕೊಟ್ಟು ಕ್ಷಮೆ ಕೇಳಿದೆನು.

ಕೆಂಪಿ ಗಬ್ಬವಾಗಿ ದಿನ ತುಂಬಿದ ಕಾಲದಲ್ಲಿ ಒಂದು ಮಧ್ಯಾಹ್ನ ಕಾಣೆಯಾದಳು. ಮರುದಿನ ಬೆಳಗ್ಗೆ ಕೆರೆಯಂಗಳದಲ್ಲಿ ಒಬ್ಬಳೇ ಮೇಯುತ್ತಿದ್ದುದು ಕಂಡಿತು. ಹೊಟ್ಟೆ ಇಳಿದಿತ್ತು, ಕೆಚ್ಚಲು ಬಿಗಿದಿತ್ತು, ಕರು ಮಾತ್ರ ಎಲ್ಲಿಯೂ ಇರಲಿಲ್ಲ. ಚಿರತೆಯೋ ನರಿಯೋ ಒಯ್ದಿರಬೇಕೆಂದು ನಾವು ಪೊದೆಪೊದೆಯನ್ನೂ ಹುಡುಕಿದೆವು. ನಾವು ಹುಡುಕುತ್ತಿದ್ದಷ್ಟು ಹೊತ್ತೂ ಆಕೆ ನಮಗೆ ಬೆನ್ನು ಮಾಡಿ, ಯಾವ ಕಡೆಗೂ ಕತ್ತೆತ್ತದೆ, ಹುಲ್ಲು ಮೇಯುತ್ತಲೇ ಇದ್ದಳು. ಆಗ ನಮ್ಮ ತೋಟದ ಹಿರಿಯ ಆಳು, ದನ ಕಾಯುತ್ತಲೇ ಮುದುಕನಾದವನು, ನಮ್ಮನ್ನೆಲ್ಲ ಮನೆಗೆ ಕಳುಹಿಸಿ ತಾನೊಬ್ಬನೇ ಮರದ ಹಿಂದೆ ಕುಳಿತನು. ಸೂರ್ಯ ಇಳಿದ ಮೇಲೆ ಕೆಂಪಿ ಸುತ್ತಲೂ ಒಮ್ಮೆ ದೃಷ್ಟಿ ಹಾಯಿಸಿ, ತಾನು ಮೇಯುತ್ತಿದ್ದ ಸ್ಥಳಕ್ಕೆ ತೀರ ವಿರುದ್ಧವಾದ ದಿಕ್ಕಿನಲ್ಲಿ, ಅರ್ಧ ಮೈಲಿಯಾಚೆಯ ಲಂಟಾನದ ಮೆಳೆಯೊಳಗೆ ನುಸುಳಿದಳಂತೆ. ಒಳಗಡೆ, ಒಣಗಿದ ಎಲೆಯ ಬಣ್ಣದ ಕರುವೊಂದು, ಕಿವಿಯನ್ನೂ ಆಡಿಸದೆ ಮುದುರಿಕೊಂಡು ಮಲಗಿತ್ತು. ಹುಲಿ ಚಿರತೆಗಳು ತಿರುಗುವ ಕಾಡಿನಲ್ಲಿ, ಬೆಳಗ್ಗೆ ಬಿಟ್ಟರೆ ಸಂಜೆಗೆ ತಾನಾಗಿ ಕೊಟ್ಟಿಗೆಗೆ ಬರುವ ಪದ್ಧತಿಯಲ್ಲಿ ತಲೆತಲಾಂತರದಿಂದ ಬಾಳಿದ ಹಸುವಿಗೆ, ಕರುವನ್ನು ಅಡಗಿಸಿಟ್ಟು, ತಾನು ಬೇರೆಲ್ಲಿಯೋ ಕಾಣಿಸಿಕೊಂಡು, ಶತ್ರುವಿನ ಕಣ್ಣನ್ನು ತಪ್ಪಿಸುವುದು ಬಾರದಿದ್ದರೆ ಅದರ ವಂಶವೇ ಉಳಿಯುತ್ತಿರಲಿಲ್ಲ. ಆ ಶತ್ರುಗಳ ಸಾಲಿನಲ್ಲಿ ಆ ದಿನ ನಾನೂ ನಿಂತಿದ್ದೆನೆಂಬುದು ನನಗೆ ಇಂದಿಗೂ ನೋವನ್ನುಂಟುಮಾಡುತ್ತದೆ. ಪುಣ್ಯಕೋಟಿಯ ಕಥೆಯನ್ನು ಎಷ್ಟೋ ವರ್ಷ ಹುಡುಗರಿಗೆ ಪಾಠ ಹೇಳಿದವನು ನಾನು. ತಾಯಿಹಸುವಿನ ಸತ್ಯವನ್ನು ಮಾತ್ರ ಕೊಂಡಾಡಿ, ಅದರ ಜಾಣ್ಮೆಯನ್ನು ಕುರಿತು ಒಂದು ಮಾತನ್ನೂ ಹೇಳಿರಲಿಲ್ಲ.

ಜರ್ಸಿ ಹಸು ಗೌರಿಯ ಸ್ವಭಾವ ಇದಕ್ಕೆ ತೀರ ಭಿನ್ನ. ಸೀಮೆಹಸುಗಳನ್ನು ನಮ್ಮ ನಾಡಿಗೆ ಪರಿಚಯ ಮಾಡಿಕೊಟ್ಟ ಸಂಸ್ಥೆಗಳಲ್ಲಿ ಬೆಂಗಳೂರಿನ ಇಂಪೀರಿಯಲ್ ಡೇರಿ ಸಂಸ್ಥೆ ಮುಖ್ಯವಾದುದು. 1927ರಲ್ಲಿ ಆರೋಗ್ಯ ಸುಧಾರಣೆಗಾಗಿ ಬೆಂಗಳೂರಿನಲ್ಲಿ ತಂಗಿದ್ದ ಗಾಂಧೀಜಿಯವರು ಅಲ್ಲಿಗೆ ಹೋಗಿ ಗೋಪಾಲನೆಯ ಕ್ರಮವನ್ನು ವಿದ್ಯಾರ್ಥಿಯಂತೆ ಕಲಿತರೆಂಬುದೂ, ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತನೆಂದು ಬರೆದುಕೊಂಡರೆಂಬುದೂ ಪ್ರಸಿದ್ಧವಾಗಿದೆ. ಹಾಲಿನ ಕೊಡವೆಂದಷ್ಟೇ ನಾವು ನೋಡುವ ಈ ಹಸುಗಳ ಮನಸ್ಸು ಎಷ್ಟು ಸೂಕ್ಷ್ಮವೆಂಬುದನ್ನು ನಾನು ತಿಳಿದುದು ಪತ್ನಿ ಊರಿನಲ್ಲಿಲ್ಲದ ಆ ಮೂರು ತಿಂಗಳಲ್ಲಿ. ಹಾಲು ಕರೆಯುವ ಕೈ ಬದಲಾಯಿತೆಂದು ಗೌರಿ ಹಾಲನ್ನು ಮೇಲಕ್ಕೆ ಎಳೆದುಕೊಂಡಳು. ಅದು ಹಟವಲ್ಲ, ಹೆದರಿದ ಹಸುವಿನ ರಕ್ತದಲ್ಲಿ ಹರಿಯುವ ರಸಗಳು ಕೆಚ್ಚಲಿನಿಂದ ಹಾಲು ಇಳಿಯುವುದನ್ನು ತಡೆಯುತ್ತವೆ, ಅದು ಆಕೆಯ ಸ್ವಾಧೀನದಲ್ಲಿಲ್ಲ. ಒಂಬತ್ತು ದಿನ ಅರ್ಧ ಪಾತ್ರೆಯೊಡನೆ ಎದ್ದೆನು. ಹತ್ತನೆಯ ದಿನ ಆಕೆ ತಲೆ ತಿರುಗಿಸಿ ನನ್ನ ಹೆಗಲನ್ನು ಒಮ್ಮೆ ನೆಕ್ಕಿದಳು, ಪಾತ್ರೆ ತುಂಬಿತು.

ಎತ್ತುಗಳ ಮಾತನ್ನು ಹೇಳುವುದು ನನಗೆ ಸುಲಭವಲ್ಲ. ಸಿದ್ಧಗಂಗೆಯ ಜಾತ್ರೆಯಲ್ಲಿ ಕೊಂಡ ಹಳ್ಳೀಕಾರ್ ಜೋಡಿ ಅವು: ಬೂದುಬಣ್ಣ, ಹಿಂದಕ್ಕೆ ಬಾಗಿ ಮೇಲೇರಿದ ಕೊಂಬು, ಕಿರಿದಾದ ಮುಖ. ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂಬ ಹೆಸರಿನಿಂದ ಆರಂಭವಾಗಿ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎಂಬ ಹೆಸರನ್ನು ಪಡೆದು, ಕಾವಲುಗಳಲ್ಲಿ ಅರೆಕಾಡಿನ ಬದುಕು ಬಾಳಿ, ಯುದ್ಧದ ತೋಪುಗಳನ್ನು ಎಳೆದ ಪ್ರಸಿದ್ಧ ರಾಸುಗಳಿಗೂ ಹಳ್ಳೀಕಾರ್ ತಳಿಯೇ ಮೂಲ. ಹನ್ನೆರಡನೆಯ ಶತಮಾನದ ಆದಿಯಲ್ಲಿಯೇ ಚಾಲುಕ್ಯ ರಾಜಪುತ್ರ ಕೀರ್ತಿವರ್ಮನು ಕನ್ನಡದಲ್ಲಿ 'ಗೋವೈದ್ಯ'ವನ್ನು ರಚಿಸಿದನು. ದನಗಳ ದೇಹವನ್ನು ಕುರಿತು ಗ್ರಂಥ ಬರೆದ ನಾಡು ನಮ್ಮದು. ಅವುಗಳ ಮನಸ್ಸನ್ನು ಕುರಿತ ಅರಿವು ಮಾತ್ರ ಗೋಪಾಲಕರ ಬಾಯಲ್ಲಿಯೇ ಉಳಿಯಿತು. ಜಾತ್ರೆಯಲ್ಲಿ ದಲ್ಲಾಳಿ ಸುಳಿಗಳನ್ನು ತೋರಿಸಿ ಎರಡಕ್ಕೂ ಒಂದೇ ಲಕ್ಷಣ, ಒಂದೇ ಗುಣ ಎಂದನು. ಸುಳಿಯಲ್ಲಿ ಸ್ವಭಾವ ಬರೆದಿರುತ್ತದೆಂಬುದನ್ನು ನಾನು ನಂಬುವುದಿಲ್ಲ. ಅದು ಕಣ್ಣಿನಲ್ಲಿಯೂ ಕಿವಿಯಲ್ಲಿಯೂ ಇರುತ್ತದೆ. ವಯಸ್ಸು ಒಂದು, ಮೇವು ಒಂದು, ನೊಗ ಒಂದು. ಆದರೂ ರಾಮನಿಗೆ ಅವಸರ, ಲಕ್ಷ್ಮಣನಿಗೆ ನಿಧಾನ. ಉಳುವಾಗ ಸಾಲಿನ ಕೊನೆ ಬರುವುದಕ್ಕೆ ಮುಂಚೆಯೇ ರಾಮ ತಿರುಗಲು ತವಕಿಸುವನು; ಲಕ್ಷ್ಮಣ ತನ್ನ ಕೊರಳ ಭಾರದಿಂದಲೇ ಅವನನ್ನು ತಡೆದು ಕೊನೆಯ ಅಡಿಯವರೆಗೂ ಒಯ್ಯುವನು. ಹನ್ನೊಂದು ವರ್ಷ ಹೀಗೆ ನಡೆಯಿತು.

ಒಂದು ಆಷಾಢದಲ್ಲಿ ಹೊಟ್ಟೆಯುಬ್ಬರದಿಂದ ಲಕ್ಷ್ಮಣ ತೀರಿಕೊಂಡನು. ರಾತ್ರಿಯಿಡೀ ಮಾಡಿದ ಶುಶ್ರೂಷೆ ಫಲಿಸಲಿಲ್ಲ. ತೋಟದ ಬದುವಿನಲ್ಲಿ ಗುಂಡಿ ತೆಗೆದು ಮಣ್ಣುಮಾಡಿದೆವು. ರಾಮ ಮೂರು ದಿನ ಮೇವು ಮುಟ್ಟಲಿಲ್ಲ. ನಾಲ್ಕನೆಯ ದಿನ ತಿನ್ನತೊಡಗಿದನು. ಆದರೆ ಗೋದಲಿಯ ಎಡಭಾಗದ ಹುಲ್ಲನ್ನು ಮಾತ್ರ. ಬಲಭಾಗ ಲಕ್ಷ್ಮಣನದಾಗಿತ್ತು. ಎರಡು ಭಾಗಗಳನ್ನೂ ತುಂಬಿಸಿಟ್ಟರೆ ಬೆಳಗಾಗುವ ಹೊತ್ತಿಗೆ ಎಡಗಡೆ ಬರಿದಾಗಿರುವುದು, ಬಲಗಡೆ ಹಾಕಿದ ಹಾಗೆಯೇ ಇರುವುದು. ಅವನಿಗೆ ಹೊಸ ಜೊತೆಯನ್ನು ನಾನು ತರಲಿಲ್ಲ, ಅವನನ್ನು ಮಾರಲೂ ಇಲ್ಲ. ಈಗ ಅವನಿಗೆ ವಯಸ್ಸಾಗಿದೆ. ಗೋದಲಿಯ ಬಲಭಾಗಕ್ಕೆ ಹುಲ್ಲು ಹಾಕುವುದನ್ನು ನಾವು ಇನ್ನೂ ನಿಲ್ಲಿಸಿಲ್ಲ. ಅದನ್ನು ಬೆಳಗ್ಗೆ ತೆಗೆದು ಕೆಂಪಿಗೆ ಹಾಕುತ್ತೇವೆ.

ಇನ್ನು ರೆಕ್ಕೆಯ ಒಕ್ಕಲು. ಗಿನಿಕೋಳಿಗಳು ತಂತಿಬೇಲಿಯ ಈಚೆ ಸಿಕ್ಕಿಕೊಂಡಾಗ, ಹಾರಬಲ್ಲ ರೆಕ್ಕೆಗಳಿದ್ದರೂ, ಆಚೆಯಿರುವ ತಮ್ಮವರನ್ನು ನೋಡುತ್ತ ಬೇಲಿಯುದ್ದಕ್ಕೂ ಹಿಂದಕ್ಕೂ ಮುಂದಕ್ಕೂ ಓಡಾಡುವುದನ್ನು ಕಂಡು ನಮ್ಮ ಕಡೆ ಅವನ್ನು ಪೆದ್ದು ಹಕ್ಕಿಗಳೆನ್ನುತ್ತಾರೆ. ಗುಂಪು ಕಣ್ಣಿಗೆ ಮರೆಯಾಗದಿರುವುದೇ ಜೀವವುಳಿಸುವ ಉಪಾಯವಾಗಿದ್ದ ಆಫ್ರಿಕದ ಬಯಲಿನಲ್ಲಿ ತಂತಿಬೇಲಿಗಳಿರಲಿಲ್ಲ. ಹಾವು, ಮುಂಗುಸಿ, ಅಪರಿಚಿತ ಮನುಷ್ಯ, ಯಾವುದು ಕಂಡರೂ ನಮ್ಮಲ್ಲಿರುವ ಹತ್ತೂ ಹಕ್ಕಿಗಳು ಒಟ್ಟಿಗೆ ಕೂಗುತ್ತವೆ. ಆ ಕೂಗಿನಲ್ಲಿ ಎರಡು ಸ್ವರಗಳನ್ನು ಜೋಡಿಸಿ ಕೂಗುವುದು ಹೆಣ್ಣು ಮಾತ್ರ, ಗಂಡಿಗೆ ಒಂದೇ ಸ್ವರ. ಒಣನೆಲದ ಈ ಹಕ್ಕಿ ತನ್ನ ಮರಿಗಳನ್ನು ಬೆಳಗಿನ ಇಬ್ಬನಿಯಲ್ಲಿ ನಡೆಸಿಕೊಂಡು ಹೋಗಿ ಚಳಿಗೆ ಕಳೆದುಕೊಳ್ಳುವುದುಂಟಾದ್ದರಿಂದ, ಅದರ ಮೊಟ್ಟೆಗಳನ್ನು ನಾಟಿಕೋಳಿಯ ಕೆಳಗೆ ಕಾವಿಗಿಡುವುದು ವಾಡಿಕೆ. ನಾಟಿಕೋಳಿಯ ಕಾವು 21 ದಿನ. ಗಿನಿಕೋಳಿಯ ಮೊಟ್ಟೆಗೆ ಬೇಕಾದುದು 26ರಿಂದ 28 ದಿನ. ಮೂರು ಹೇಟೆಗಳನ್ನು ಹೀಗೆ ಕೂರಿಸಿದ್ದೆವು. ಇಪ್ಪತ್ತೆರಡನೆಯ ದಿನ ಎರಡು ಎದ್ದುಹೋದುವು. ಜುಟ್ಟಿನ ಹೇಟೆಯೊಂದು ಮಾತ್ರ ಬಿಟ್ಟ ಮೊಟ್ಟೆಗಳನ್ನೂ ಕೊಕ್ಕಿನಿಂದ ತನ್ನ ಕೆಳಕ್ಕೆ ಸರಿಸಿಕೊಂಡು, ಮಂಕರಿಯೊಳಗೆ ಇನ್ನೂ ಒಂದು ವಾರ ಕುಳಿತು, ಹದಿನೇಳು ಮರಿಗಳನ್ನು ಎಬ್ಬಿಸಿತು. ಮೂರೂ ಒಂದೇ ತಾಯಿಯ ಮರಿಗಳೆಂಬುದನ್ನು ಹೇಳಲು ಮರೆತೆ.

ಟರ್ಕಿ ಕೋಳಿಯಷ್ಟು ಹೆಸರಿನ ಅನ್ಯಾಯಕ್ಕೆ ಗುರಿಯಾದ ಪಕ್ಷಿ ಬೇರೊಂದಿಲ್ಲ. ಮೆಕ್ಸಿಕೋ ದೇಶದಲ್ಲಿ ಸಾಕುಪ್ರಾಣಿಯಾದ ಅದನ್ನು ಇಂಗ್ಲಿಷರು ತುರ್ಕಿಯದೆಂದರು. ತುರ್ಕರು ಹಿಂದೂಸ್ಥಾನದ್ದೆಂಬ ಅರ್ಥದಲ್ಲಿ ಹಿಂದಿ ಎಂದರು. ಪೋರ್ಚುಗೀಸರು ಪೆರು ಎಂದರು. ನಮ್ಮ ಕರಾವಳಿಯ ನೆರೆಯ ಗೋವೆಯ ಮೂಲಕ ಬಂದ ಇಂಥದೊಂದು ಪಕ್ಷಿಯನ್ನು 1612ರಲ್ಲಿ ಮುಕರ್ರಬ್ ಖಾನನು ಜಹಾಂಗೀರನ ಆಸ್ಥಾನಕ್ಕೆ ಒಯ್ದನು. ಆ ಚಕ್ರವರ್ತಿ ಅದನ್ನು ಬೆರಗಿನಿಂದ ನೋಡಿ, ಅದರ ತಲೆ ಕೊರಳುಗಳು ಒಮ್ಮೆ ಹವಳದಂತೆ ಕೆಂಪಾಗಿ, ಒಮ್ಮೆ ಹತ್ತಿಯಂತೆ ಬೆಳ್ಳಗಾಗಿ, ಮತ್ತೊಮ್ಮೆ ನೀಲಿಯಾಗಿ ಬದಲಾಗುವ ಪರಿಯನ್ನು ತನ್ನ ಆತ್ಮಕಥೆಯಲ್ಲಿ ಬರೆದಿಟ್ಟನು. ಅವನ ಚಿತ್ರಕಾರ ಮನ್ಸೂರನು ಅದನ್ನು ಚಿತ್ರಿಸಿದನು. ನಾಲ್ಕು ಶತಮಾನಗಳ ಹಿಂದೆ ಒಬ್ಬ ಅರಸನು ಒಂದು ಪರದೇಶದ ಹಕ್ಕಿಯ ಮುಂದೆ ಅಷ್ಟು ಹೊತ್ತು ಸುಮ್ಮನೆ ನಿಂತು ನೋಡಿದನೆಂಬುದು ನನಗೆ ಬಹು ಪ್ರಿಯವಾದ ಸಂಗತಿ. ಆ ಬಣ್ಣಗಳು ಅದರ ಮನಸ್ಸಿನ ಬಣ್ಣಗಳು: ಕೆರಳಿದರೆ ಕೆಂಪು, ಬೆದರಿದರೆ ಬೇರೆ ಬಣ್ಣ. ನಮ್ಮ ಹುಂಜ ಕುಕ್ಕರಿನ ಸಿಳ್ಳಿಗೂ ಲಾರಿಯ ಹಾರನ್ನಿಗೂ ತಪ್ಪದೆ ಉತ್ತರ ಕೊಡುತ್ತದೆ. ಮಳೆ ಬರುವಾಗ ಬಾಯಿ ತೆರೆದು ಮೇಲೆ ನೋಡುತ್ತ ಮುಳುಗಿ ಸಾಯುತ್ತದೆಂಬ ಅಪವಾದವೊಂದನ್ನು ಅದರ ಮೇಲೆ ಹೊರಿಸಿದ್ದಾರೆ. ಕಣ್ಣುಗಳು ತಲೆಯ ಎರಡು ಪಕ್ಕದಲ್ಲಿರುವುದರಿಂದ ಆಕಾಶವನ್ನು ನೋಡಬೇಕಾದರೆ ಅದು ತಲೆಯನ್ನು ವಾಲಿಸಿ ಒಂದು ಕಣ್ಣನ್ನು ಮೇಲೆತ್ತಬೇಕು. ಅದು ನೋಡುವುದು ಮಳೆಯನ್ನಲ್ಲ, ಗಿಡುಗವನ್ನು.

ಕೊನೆಯದಾಗಿ ಎಮುಗಳು. ಎಮು ಸಾಕಿದರೆ ಅದರ ಎಣ್ಣೆಯಿಂದ, ಮಾಂಸದಿಂದ, ಗರಿಯಿಂದ ಹೊನ್ನು ಸುರಿಯುವುದೆಂದು ನಂಬಿ ನಮ್ಮ ಸೀಮೆಯ ಕೆಲವು ರೈತರು ಸಾಲ ಮಾಡಿ ಜೋಡಿಗಳನ್ನು ತಂದಿದ್ದರು. 2012ರ ಸುಮಾರಿಗೆ ಆ ವ್ಯಾಪಾರ ಕುಸಿಯಿತು. ಕೊಳ್ಳುವೆನೆಂದು ಮಾತು ಕೊಟ್ಟವರು ಕಾಣದಾದರು. ಮೇವಿಗೆ ಗತಿಯಿಲ್ಲದೆ ಹಕ್ಕಿಗಳು ಬೇಲಿಯೊಳಗೇ ಸೊರಗಿದುವು. ನೆರೆಯೂರಿನ ಯುವಕನೊಬ್ಬ, ನನ್ನ ಹಳೆಯ ವಿದ್ಯಾರ್ಥಿ, ತನ್ನಲ್ಲಿ ಉಳಿದಿದ್ದ ಎರಡನ್ನು ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಬಂದು, "ಸಾರ್, ಕೊಲ್ಲಕ್ಕೆ ಮನಸ್ಸು ಬರಲ್ಲ" ಎಂದಷ್ಟೇ ಹೇಳಿ, ಕಣ್ಣೊರೆಸಿಕೊಂಡು ನಿಂತನು. ನಾನು ಒಂದು ಕಾಲದಲ್ಲಿ ಕತ್ತೆಯೆಂದು ಕರೆದ ಹುಡುಗರಲ್ಲಿ ಅವನೂ ಒಬ್ಬ.

ಆಳೆತ್ತರದ ಈ ಹಕ್ಕಿಯ ಮುಖ್ಯ ಗುಣ ಕುತೂಹಲ. ಹೊಸದೇನಾದರೂ ಕಂಡರೆ ಕೊರಳು ಚಾಚಿ ಬಂದು ನೋಡಿಯೇ ತೀರಬೇಕು. ಹೊಳೆಯುವ ವಸ್ತುವಾದರೆ ನುಂಗಿಯೂ ಬಿಡಬಹುದು, ನನ್ನ ಪೆಟ್ಟಿಗೆಯ ಬೀಗದ ಕೈ ಹೀಗೆಯೇ ಹೋಯಿತು. ಬೇಸಗೆಯಲ್ಲಿ ಕೊಳವೆಯಿಂದ ನೀರು ಚಿಮ್ಮಿಸಿದರೆ ಎರಡೂ ನೆಲಕ್ಕೊರಗಿ ಮಕ್ಕಳಂತೆ ಹೊರಳಾಡುತ್ತವೆ. ಅದರ ತವರಿನಲ್ಲಿ, 1932ರಲ್ಲಿ, ಗೋಧಿಯ ಹೊಲಗಳಿಗೆ ನುಗ್ಗಿದ ಸುಮಾರು 20,000 ಎಮುಗಳ ಮೇಲೆ ಸರ್ಕಾರ ಎರಡು ಮೆಷಿನ್‌ಗನ್ನುಗಳನ್ನೂ 10,000 ಗುಂಡುಗಳನ್ನೂ ಕೊಟ್ಟು ಸೈನಿಕರನ್ನು ಕಳುಹಿಸಿತು. ಹಕ್ಕಿಗಳು ಸಣ್ಣ ಸಣ್ಣ ಗುಂಪುಗಳಾಗಿ ಚೆದರಿ ಸೈನಿಕರ ಪ್ರಯತ್ನವನ್ನು ನಿಷ್ಫಲಗೊಳಿಸಿದುವು. ಆಹಾರವನ್ನು ಅರಸುತ್ತ ನೂರಾರು ಮೈಲಿ ನಡೆದು ಬದುಕಿದ ಆ ಜೀವಿಯನ್ನು ಅರ್ಧ ಎಕರೆಯ ಬೇಲಿಯೊಳಗೆ ಇಟ್ಟಿರುವ ಸಂಕಟ ನನಗೆ ಇಂದಿಗೂ ತಪ್ಪಿಲ್ಲ. ಆದರೆ ಅವುಗಳನ್ನು ಬಿಡಲು ಈ ನಾಡಿನಲ್ಲಿ ಅವುಗಳ ನೆಲವಿಲ್ಲ.

ಅಕ್ಟೋಬರ್ ಕಳೆದು ಹಗಲು ಕುಗ್ಗತೊಡಗಿದಾಗ ಹೆಣ್ಣಿನ ಕೊರಳಿನಿಂದ, ದೂರದ ಊರಹಬ್ಬದ ನಗಾರಿಯಂಥ ಗಂಭೀರವಾದ ನಾದವೊಂದು ಹೊರಡುತ್ತದೆ. ಗಂಟಲಿನ ಗಾಳಿಚೀಲದಿಂದ ಹುಟ್ಟುವ ಆ ನಾದ ಹೆಣ್ಣಿನದೇ, ಗಂಡು ಗುರುಗುಟ್ಟುವುದಷ್ಟೆ. ಆಸ್ಟ್ರೇಲಿಯದಲ್ಲಿ ಹಗಲು ಕುಗ್ಗುವುದು ಏಪ್ರಿಲ್ ಮೇ ತಿಂಗಳ ಹೊತ್ತಿನಲ್ಲಿ. ಅವುಗಳ ದೇಹ ಓದುವುದು ಪಂಚಾಂಗವನ್ನಲ್ಲ, ಬೆಳಕನ್ನು. ಮೊದಲ ವರ್ಷ ಹೆಣ್ಣು ಕಡುಹಸುರು ಬಣ್ಣದ, ಅರ್ಧ ಕಿಲೋಗಿಂತಲೂ ಹೆಚ್ಚು ತೂಗುವ ಮೊಟ್ಟೆಗಳನ್ನಿಟ್ಟಿತು. ಕೆಲವು ದಿನಗಳಲ್ಲಿ ಗಂಡು ಹಕ್ಕಿ ಮೇವು ಬಿಟ್ಟಿತು, ನೀರು ಬಿಟ್ಟಿತು, ನೆಲಕ್ಕೆ ಕುಸಿದು ಕುಳಿತಿತು. ಅದಕ್ಕೆ ರೋಗ ಬಂದಿತೆಂದು ನಾನು ಭಾವಿಸಿದೆನು. ಇಬ್ಬರು ಆಳುಗಳ ಸಹಾಯದಿಂದ ಅದನ್ನು ಎತ್ತಿಸಿ, ಕೊಟ್ಟಿಗೆಯಲ್ಲಿ ಕೂಡಿ, ಬಲವಂತದಿಂದ ಗಂಜಿ ಕುಡಿಸಿದೆನು. ಮೊಟ್ಟೆಗಳನ್ನು ಯಾರು ಯಾರಿಗೋ ನೋಡಲೆಂದು ಕೊಟ್ಟುಬಿಟ್ಟೆನು. ಬಿಡಿಸಿಕೊಂಡು ಬಂದ ಹಕ್ಕಿ ಎಂಟು ದಿನಗಳ ಕಾಲ ಆ ಬರಿದಾದ ಗುಳಿಯ ಸುತ್ತಲೂ ತಿರುಗುತ್ತ, ಒಣಗಿದ ಗರಿಕೆಯನ್ನೂ ತೆಂಗಿನ ನಾರನ್ನೂ ಕೊಕ್ಕಿನಿಂದ ಸರಿಸಿ ಸರಿಸಿ ನೋಡಿತು. ಎಮುಗಳಲ್ಲಿ ಕಾವು ಕೂರುವವನು ತಂದೆ ಎಂಬುದನ್ನು ನಾನು ಪುಸ್ತಕದಲ್ಲಿ ಓದಿ ತಿಳಿದುದು ಆಮೇಲೆ. ಸುಮಾರು 56 ದಿನ ಅವನು ಏಳುವುದು ಮೊಟ್ಟೆಗಳನ್ನು ಮಗುಚುವುದಕ್ಕೆ ಮಾತ್ರ. ಮೈಯಲ್ಲಿ ಕೂಡಿಟ್ಟ ಕೊಬ್ಬೇ ಅವನ ಆಹಾರ. ಕಾವು ಮುಗಿಯುವಾಗ ತೂಕದಲ್ಲಿ ಮೂರನೆಯ ಒಂದು ಭಾಗ ಇಳಿದಿರುತ್ತದೆ. ಮರಿಗಳನ್ನು ತಿಂಗಳುಗಟ್ಟಲೆ ಕಾಯುವವನೂ ಅವನೇ.

ಆ ಅಪರಾಧವಾದ ಮೇಲೆ ಪ್ರತಿ ಚಳಿಗಾಲದಲ್ಲಿಯೂ ನಾವು ಆ ಮೂಲೆಗೆ ಯಾರೂ ಹೋಗದಂತೆ ನೋಡಿಕೊಳ್ಳುತ್ತೇವೆ. ಎರಡು ವರ್ಷ ಅವನು ಮೊಟ್ಟೆಗಳ ಕಡೆ ಸುಳಿಯಲೇ ಇಲ್ಲ. ಮೂರನೆಯ ವರ್ಷ ಕುಳಿತನು, ಮರಿಗಳಾಗಲಿಲ್ಲ. ಮರುವರ್ಷ ಐದು ಮರಿಗಳು ಎದ್ದುವು, ಕೆನೆಬಣ್ಣದ ಮೈಮೇಲೆ ಕಂದುಗೆರೆಗಳ ಮರಿಗಳು. ನಾನು ಬೇಲಿಯ ಬಳಿ ನಿಂತಿದ್ದರೆ ಅವನು ಅವುಗಳನ್ನು ನನ್ನಿಂದ ದೂರಕ್ಕೆ, ಬೇವಿನ ಮರದ ಆಚೆಗೆ ಕರೆದೊಯ್ಯುತ್ತಿದ್ದನು. ನನ್ನನ್ನು ಕಂಡರೆ ಈಗಲೂ ಅವನು ಹತ್ತಿರ ಬರುವುದಿಲ್ಲ. ನನ್ನ ಪತ್ನಿಯ ಕೈಯಿಂದ ಪರಂಗಿಹಣ್ಣನ್ನು ತಿನ್ನುತ್ತಾನೆ.

ಈ ವರ್ಷವೂ ಅವನು ಕಾವಿಗೆ ಕುಳಿತಿದ್ದಾನೆ. ಇಂದಿಗೆ 47 ದಿನವಾಯಿತು. ಕೊರಳು ಚಾಚಿದರೆ ಎಟಕುವ ಹಾಗೆ ಒಂದು ಬಾನಿ ನೀರನ್ನು ನನ್ನ ಪತ್ನಿ ಇಟ್ಟಿದ್ದಾಳೆ. ಬೆಳಗ್ಗೆ ಬಸ್ಸಿಗೆ ಹೊರಡುವ ಮುಂಚೆ ನಾನು ಬೇವಿನ ಮರದ ಮರೆಯಲ್ಲಿ ನಿಂತು ನೋಡಿದೆನು: ಬಾನಿಯ ನೀರು ನಿನ್ನೆಯಷ್ಟೇ ಇತ್ತು, ಇಬ್ಬನಿ ಅವನ ಬೆನ್ನಿನ ಗರಿಗಳ ಮೇಲೆ ಬೆಳ್ಳಗೆ ಕೂತಿತ್ತು, ಕಣ್ಣು ತೆರೆದೇ ಇತ್ತು. ಇನ್ನೂ ಒಂಬತ್ತು ದಿನ.